ಬರೀ ಪಾಚಿ, ಮತ್ತೇನಿಲ್ಲ

ಪ್ರಾವಿನ್ಸ್‌ಟೌನ್
ಅಕ್ಟೋಬರ್ 18, 1998, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಒಲಿಂಪಿಯಾ ಕಡಲಿನ ಈ ದಡದಿಂದಲೇ ನಿಮ್ಮ ಕೈಗೆ ಮುತ್ತಿಟ್ಟು ಆಶೀರ್ವಾದ ಬೇಡುತ್ತಿದ್ದಾಳೆ. ನಾನು ಚೆನ್ನಾಗಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ? ಉಣ್ಣೆಯ ಕಾಲುಚೀಲ ಕಳಿಸಿದ್ದೆ, ತಲುಪಿತೆಂದು ನೀವು ಒಂದು ಮಾತೂ ಬರೆಯಲಿಲ್ಲ. ತಲುಪಿದ್ದರೆ ಹಾಕಿಕೊಳ್ಳಿ, ದಯವಿಟ್ಟು ಪೆಟ್ಟಿಗೆಯಲ್ಲಿ ಮಡಿಸಿಡಬೇಡಿ. ಬಿಷಪ್ಪರು ಮನೆಗೆ ಬರುವ ದಿನಕ್ಕೆಂದು ಎತ್ತಿಟ್ಟರೆ ಅಲ್ಲಿಯವರೆಗೆ ಕಾಲು ಕಾಯುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ತಂಗಿಯ ಮನೆಯಲ್ಲಿ ಫೋನು ಇರುವುದು ನಡುಮನೆಯಲ್ಲಿ. ನಿಮಗೆ ಕಿವಿ ಮಂದ, ಆದ್ದರಿಂದ ನಾನು ಹೇಳಿದ್ದನ್ನೆಲ್ಲ ಗಟ್ಟಿಯಾಗಿ ತಿರುಗಿ ಹೇಳುತ್ತೀರಿ. ಫಯಾಲ್ ದ್ವೀಪದ ಅರ್ಧ ಜನ ಅದನ್ನು ಕೇಳಿಸಿಕೊಳ್ಳುತ್ತಾರೆ, ಅವರಲ್ಲಿ ಒಬ್ಬೊಬ್ಬರಿಗೂ ಇಲ್ಲಿ ನಮ್ಮೂರಿನಲ್ಲಿ ಒಬ್ಬ ಅಣ್ಣನೋ ಭಾವನೋ ಇದ್ದಾನೆ. ಈ ಪತ್ರದಲ್ಲಿ ಎರಡು ವಿಷಯಗಳಿವೆ. ಒಂದು ಗಂಡಸಿನ ವಿಷಯ, ಇನ್ನೊಂದು ಮೀನಿನ ಜಾಗದ ವಿಷಯ. ಗಂಡಸಿನ ವಿಷಯ ಊರಿಗೆ ತಿಳಿದರೆ ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಾರೆ. ಮೀನಿನ ಜಾಗ ತಿಳಿದರೆ ಮರುದಿನ ಬೆಳಗ್ಗೆ ಅಲ್ಲಿ ಇಪ್ಪತ್ತು ಗಾಡಿ ನಿಂತಿರುತ್ತವೆ.

ಮೊದಲು ನಾನು ಗಾಳ ಹಿಡಿದದ್ದನ್ನು ಹೇಳಿಬಿಡುತ್ತೇನೆ. ಚರ್ಚಿನ ಹೆಂಗಸರು ನಿಮಗೆ ಈಗಾಗಲೇ ಬರೆದಿರುತ್ತಾರೆ ಎಂದು ನನಗೆ ಗೊತ್ತು. ನಿಮ್ಮ ಮಗ ಗಿಲ್ಬೆರ್ತೊ ತೀರಿಕೊಂಡ ಮೇಲೆ, ನೀವೂ ದ್ವೀಪಕ್ಕೆ ಹಿಂದಿರುಗಿದ ಮೇಲೆ, ಅವನ ಗಾಳದ ಕೋಲುಗಳು ಹಿತ್ತಲ ಕೊಟ್ಟಿಗೆಯಲ್ಲಿ ಗೋಡೆಗೊರಗಿ ನಿಂತಿದ್ದವು. ಮದುವೆಯಾದ ಲಾಗಾಯ್ತು ನಾನು ದಡದ ಮೇಲೆ ಗಾಡಿಯೊಳಗೆ ಕೂತು ಹೆಣೆಯುತ್ತಾ ಅವನ ಬೆನ್ನು ನೋಡಿದವಳು. ಕೋಲುಗಳನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಹೊರಗೆ ತಂದೆ. ರೀಲಿನ ಹಿಡಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದಾಗ ಅದು ಅವನ ಕೈಯಲ್ಲಿ ಮಾಡುತ್ತಿದ್ದ ಸದ್ದನ್ನೇ ಮಾಡಿತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ, ಆಮೇಲೆ ಅದನ್ನು ಗಾಡಿಗೆ ಹಾಕಿಕೊಂಡು ಕಡಲ ಕಡೆ ಹೋದೆ.

ಮೊದಲ ತಿಂಗಳು ಗಾಳಕ್ಕೆ ಬಿದ್ದದ್ದು ನನ್ನ ಕೋಟು ಮಾತ್ರ. ಗಾಳಿಗೆದುರಾಗಿ ಎಸೆದರೆ ದಾರ ನನ್ನ ಮುಖಕ್ಕೇ ಬರುತ್ತಿತ್ತು, ಅಲೆ ಬಡಿದು ರಬ್ಬರ್ ಪ್ಯಾಂಟಿನೊಳಗೆಲ್ಲ ನೀರು ತುಂಬುತ್ತಿತ್ತು. ಆದರೂ ಬಿಡಲಿಲ್ಲ. ಮೈಮೇಲೆ ಪಟ್ಟೆಯಿರುವ ಬಾಸು ಮೀನು ಮೊದಲ ಸಲ ದಾರ ಎಳೆದಾಗ ಗೊತ್ತಾಯಿತು, ಇಷ್ಟು ವರ್ಷ ಗಿಲ್ಬೆರ್ತೊ ನನ್ನ ಮಾತು ಕಿವಿಗೆ ಹಾಕಿಕೊಳ್ಳದೆ ಯಾಕೆ ನೀರಿನಲ್ಲೇ ನಿಂತಿರುತ್ತಿದ್ದ ಎಂದು. ಈ ಮೀನಿನ ಸಂತಾನವೇ ಮುಗಿಯಿತೆಂದು ಮಾವ ಗೋಳಾಡುತ್ತಿದ್ದ ಕಾಲ ನಿಮಗೆ ನೆನಪಿರಬೇಕು. ಈಗ ಮತ್ತೆ ಬಂದಿವೆ. ಶರತ್ಕಾಲದಲ್ಲಿ ದಕ್ಷಿಣಕ್ಕೆ ಹೊರಟ ಹಿಂಡುಗಳು ನೊರೆಯೊಳಗೆ ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ಬರುವುದನ್ನು ನೋಡುವಾಗ ಮಾವ ಇರಬೇಕಿತ್ತು ಅನಿಸುತ್ತದೆ.

ಗಾಳ ಎಸೆಯುವುದನ್ನು ಕಲಿಯಲು ಒಂದು ವರ್ಷ ಬೇಕಾಯಿತು, ಸುಳ್ಳು ಹೇಳುವುದನ್ನು ಕಲಿಯಲು ಒಂದು ವಾರ ಸಾಕಾಯಿತು. ದಡದಲ್ಲಿ ಯಾರೇ ಎದುರಾಗಿ ಏನಾದರೂ ಬಿತ್ತೇ ಎಂದು ಕೇಳಿದರೂ ಬರೀ ಪಾಚಿ ಎನ್ನಬೇಕು. ಬೆನ್ನ ಹಿಂದೆ ಒದ್ದೆ ಮರಳಿನಲ್ಲಿ ಮೀನು ಹೂತಿಟ್ಟು, ಅದರ ಬಾಲ ಹೊರಗೆ ಕಾಣುತ್ತಿದ್ದರೂ ಬರೀ ಪಾಚಿ ಎನ್ನಬೇಕು. ಕೇಳಿದವನೂ ಬಾಲವನ್ನು ನೋಡಿ, ತನಗೂ ಅಷ್ಟೇ ಎಂದು ತಲೆಯಾಡಿಸಿ ಮುಂದೆ ಹೋಗಬೇಕು. ಯಾರಾದರೂ ತಾನಾಗಿ ಒಂದು ಜಾಗದ ಹೆಸರು ಹೇಳಿದರೆ, ಮೀನು ಅದಕ್ಕೆ ಎದುರು ದಿಕ್ಕಿನಲ್ಲಿದೆ ಎಂದು ತಿಳಿಯಬೇಕು. ಇದರಲ್ಲಿ ಪಾಪವೇನೂ ಇಲ್ಲ. ಪಾದ್ರಿಗಳೂ ಗಾಳ ಹಾಕುತ್ತಾರೆ, ಅವರೂ ಹೇಳುವುದು ಪಾಚಿಯೆಂದೇ.

ಇನ್ನು ನಮ್ಮ ಜಾಗ. ಅದು ಎಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ, ನಿಮಗೆ ಬರೆಯಬೇಕಾಗಿಯೂ ಇಲ್ಲ. ಮರಳಿನಡಿ ಹಳೆಯ ಹಡಗಿನ ಪಕ್ಕೆಲುಬುಗಳು ಹೂತುಹೋಗಿ, ಸುತ್ತ ನೀರು ತಿರುಗಿ ಗುಂಡಿ ಕೊರೆದಿರುವ ಆ ಜಾಗ. ದಡದಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ಮಾವ ಅದನ್ನು ಗಿಲ್ಬೆರ್ತೊಗೆ ತೋರಿಸಿದರು. ಗಿಲ್ಬೆರ್ತೊ ಮನೆಯ ಬೀಗದ ಕೈಯನ್ನು ಮದುವೆಯಾದ ದಿನವೇ ನನಗೆ ಕೊಟ್ಟಿದ್ದ, ಹಡಗಿನ ಜಾಗ ತೋರಿಸಲು ವರ್ಷಗಟ್ಟಲೆ ತೆಗೆದುಕೊಂಡ. ಕೊನೆಗೊಂದು ಬೆಳಗ್ಗೆ ಕೈಹಿಡಿದು ಕರೆದೊಯ್ದು ಇಲ್ಲೇ ಎಂದ. ಆವತ್ತು ನನಗೆ ನಿಜವಾಗಿ ಮದುವೆಯಾದ ಹಾಗಾಯಿತು. ಈಗ ನಾನು ಅಲ್ಲಿಗೆ ಹೋಗುವಾಗ ಗಾಡಿಯನ್ನು ದೂರ ನಿಲ್ಲಿಸುತ್ತೇನೆ, ಬರುವಾಗ ಹುಲ್ಲಿನ ಕಟ್ಟಿನಿಂದ ಹೆಜ್ಜೆ ಒರೆಸುತ್ತೇನೆ. ಸಿಲ್ವೇರಾ ಮನೆತನದ ಆಸ್ತಿಯನ್ನು ಕಾಯುತ್ತಿದ್ದೇನೆ ಎನ್ನುವ ಹೆಮ್ಮೆ ನನಗಿದೆ.

ಈಗ ಗಂಡಸಿನ ವಿಷಯ. ಅವರ ಹೆಸರು ವೆಂಡೆಲ್ ಪೇನ್. ಹಳೆಯ ಯಾಂಕೀ ಮನೆತನದವರು, ನಮ್ಮ ಹಾಗೆ ದ್ವೀಪದಿಂದ ಬಂದವರಲ್ಲ, ಗುಡ್ಡದ ಮೇಲಿನ ಸ್ಮಶಾನದಲ್ಲಿ ಅರ್ಧ ಕಲ್ಲುಗಳ ಮೇಲೆ ಅವರ ಮನೆಹೆಸರೇ ಇದೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಬಾಯ್ಲರ್ ರಿಪೇರಿ ಅವರ ಕೆಲಸ. ಹೋದ ವರ್ಷ ಇದೇ ತಿಂಗಳಲ್ಲಿ ನಮ್ಮ ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟು ನಾನು ಕೋಟು ಹಾಕಿಕೊಂಡು ಅಡುಗೆ ಮಾಡುತ್ತಿದ್ದಾಗ ಬಂದರು. ಬಾಗಿಲ ಬಳಿ ಇಟ್ಟಿದ್ದ ಒದ್ದೆ ಕೋಲನ್ನು ನೋಡಿ ಏನಾದರೂ ಬಿತ್ತೇ ಎಂದು ಕೇಳಿದರು. ಬರೀ ಪಾಚಿ ಎಂದೆ. ಅವರ ತೋಳಿನ ಮೇಲೆ ಮೀನಿನ ಹುರುಪೆಯೊಂದು ಅಂಟಿಕೊಂಡಿತ್ತು, ನಿಮಗೋ ಎಂದು ನಾನೂ ಕೇಳಿದೆ. ಅವರು ತೋಳು ನೋಡಿಕೊಂಡು, ಹುರುಪೆ ಕಿತ್ತು ಜೇಬಿಗೆ ಹಾಕಿಕೊಂಡು, ಬರೀ ಪಾಚಿ ಎಂದರು. ಆಮೇಲೆ ನೆಲಮಾಳಿಗೆಗೆ ಇಳಿದು ಬಾಯ್ಲರ್ ಬಿಚ್ಚತೊಡಗಿದರು.

ಈ ವರ್ಷ ಬೇಸಿಗೆಯಿಡೀ ದಡದಲ್ಲಿ ಅವರು ಸಿಗುತ್ತಿದ್ದರು. ಪಕ್ಕದಲ್ಲಿ ನಿಂತರೂ ನನ್ನ ದಾರಕ್ಕೆ ಅವರ ದಾರ ಒಮ್ಮೆಯೂ ತೊಡರಿಸಲಿಲ್ಲ, ಅದೆಷ್ಟು ದೊಡ್ಡ ಮರ್ಯಾದೆ ಎಂದು ನಿಮಗೆ ಹೇಳಬೇಕಿಲ್ಲ. ತಾವೇ ಕೆತ್ತಿ ಬಂಗುಡೆಯ ಹಾಗೆ ಬಣ್ಣ ಬಳಿದ ಮರದ ಮೀನೊಂದನ್ನು ಕೊಟ್ಟರು. ಎಷ್ಟು ಚೆನ್ನಾಗಿತ್ತೆಂದರೆ ನನಗೆ ನೀರಿಗೆ ಎಸೆಯಲು ಮನಸ್ಸೇ ಬರಲಿಲ್ಲ. ಇದೆಲ್ಲ ಸ್ನೇಹ, ಅಷ್ಟೇ ಎಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಗಾಡಿಯ ಟೈರಿಗೆ ಗಾಳಿ ತುಂಬುತ್ತಿದ್ದಾಗ ಅವರು ಹತ್ತಿರ ಬಂದು, ಟೋಪಿ ತೆಗೆದು, ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮುರುಕು ಮೆಟ್ಟಿಲ ಕೆಳಗೆ ಬನ್ನಿ, ಅಲ್ಲಿ ನೀರಿನೊಳಗಿನ ಮರಳ ದಿಣ್ಣೆ ಒಡೆದು ಮೀನಿಗೆ ದಾರಿಯಾಗಿದೆ, ಅದು ನನ್ನ ಜಾಗ ಎಂದರು. ಅಷ್ಟು ಹೇಳಿ ಹೋಗಿಬಿಟ್ಟರು.

ನೀವಾಗಿದ್ದರೆ ಏನು ತಿಳಿಯುತ್ತಿದ್ದಿರಿ? ನಾನೂ ಅದನ್ನೇ ತಿಳಿದೆ. ಎಂಥ ಚಾಲಾಕಿ ಯಾಂಕೀ ಇವರು, ಟೋಪಿ ಬೇರೆ ತೆಗೆದು ಸುಳ್ಳು ಹೇಳುತ್ತಾರೆ ಎಂದುಕೊಂಡೆ. ದಡಕ್ಕಿಳಿಯುವ ಆ ಮುರುಕು ಮೆಟ್ಟಿಲು ಉತ್ತರಕ್ಕಿದೆ, ಹಾಗಾದರೆ ಮೀನು ದಕ್ಷಿಣದಲ್ಲಿದೆ. ಭಾನುವಾರ ದಕ್ಷಿಣದ ತುದಿಗೆ ಹೋಗಿ, ಅವರನ್ನು ಸೋಲಿಸಿದೆನೆಂದು ಬೀಗುತ್ತಾ, ಬಿಸಿಲೇರುವವರೆಗೂ ನಿಂತೆ. ನಿಜವಾಗಿಯೂ ಪಾಚಿಯೊಂದೇ ಸಿಕ್ಕಿತು. ಮುಂದಿನ ಭಾನುವಾರವೂ ಹೋದೆ. ಅದರ ಮುಂದಿನ ಭಾನುವಾರವೂ. ನಡುವೆ ಅಂಚೆ ಕಚೇರಿಯಲ್ಲಿ ಸಿಕ್ಕಾಗ ಅವರು ಭಾನುವಾರ ಹೇಗಿತ್ತು ಎಂದು ಕೇಳಿದರು, ಬರೀ ಪಾಚಿ ಎಂದೆ. ಅವರ ಮುಖ ಸಪ್ಪಗಾಯಿತು. ಸುಳ್ಳು ಸಿಕ್ಕಿಬಿದ್ದ ನಾಚಿಕೆ ಎಂದುಕೊಂಡು ನಾನು ಖುಷಿಪಟ್ಟೆ. ಆಮೇಲೆ ದಡದಲ್ಲಿ ನಾನು ಬರುವುದು ಕಂಡರೆ ಅವರು ಕೋಲು ಎತ್ತಿಕೊಂಡು ಆಚೆ ಹೋಗಲು ಶುರುಮಾಡಿದರು. ಅಲ್ಲಿಗೆ ನನ್ನ ಖುಷಿ ಇಳಿಯಿತು. ಸುಳ್ಳು ಹೇಳಿದ ಮಾತ್ರಕ್ಕೆ ಮಾತು ಬಿಡಬೇಕೆಂದು ಎಲ್ಲಿದೆ? ಹಾಗಾದರೆ ಈ ಊರಲ್ಲಿ ಯಾರೂ ಯಾರ ಹತ್ತಿರವೂ ಮಾತಾಡುವ ಹಾಗಿಲ್ಲ.

ಕೊನೆಗೆ ತಡೆಯಲಾಗದೆ, ಈ ತಿಂಗಳ ಮೊದಲಲ್ಲಿ ಒಂದು ವಾರದ ದಿನ ಮುರುಕು ಮೆಟ್ಟಿಲಿಗೇ ಹೋದೆ. ಅಲ್ಲಿ ಏನೂ ಇಲ್ಲವೆಂದು ಕಣ್ಣಾರೆ ಕಂಡು, ಆ ಮೇಲೆ ಅವರನ್ನು ನಾಲ್ಕು ಜನರೆದುರು ಛೇಡಿಸಿ, ಜಗಳ ಹರಿಸಿಕೊಂಡು ಮತ್ತೆ ಮೊದಲಿನಂತಿರಬೇಕೆಂಬುದು ನನ್ನ ಲೆಕ್ಕ. ಪೂರ್ವ ಆಗಷ್ಟೇ ಕೆಂಪಾಗುತ್ತಿತ್ತು. ದಿಣ್ಣೆ ಒಡೆದ ಕಡೆ ನೀರು ಕಪ್ಪಗೆ, ನೊರೆಯಿಲ್ಲದೆ ಹರಿಯುತ್ತಿತ್ತು. ಅವರು ಕೊಟ್ಟ ಮರದ ಮೀನನ್ನೇ ಕಟ್ಟಿ ಎಸೆದೆ.

ಅತ್ತೆ, ಅದು ನೀರಿಗೆ ಬಿದ್ದು ಮೂರು ಸುತ್ತು ರೀಲು ತಿರುಗಿಸಿರಲಿಲ್ಲ, ನನ್ನ ಎರಡು ತೋಳೂ ಸೆಟೆದು ನಿಂತವು. ದಾರ ಕಿರುಚಿಕೊಂಡು ಹೋಯಿತು. ನಾನು ದಡದುದ್ದಕ್ಕೂ ಅದರ ಹಿಂದೆ ನಡೆದೆ, ಅಲೆ ಬಂದಾಗ ಹಿಂದೆ ಸರಿದು ಎಳೆದೆ, ಅಲೆ ಹೋದಾಗ ದಾರ ಬಿಟ್ಟೆ. ಮೀನು ಕೊನೆಗೆ ಆಳವಿಲ್ಲದ ನೀರಿನಲ್ಲಿ ಅಡ್ಡ ಬಿದ್ದು ಅದರ ಪಟ್ಟೆಗಳು ಹೊಳೆದವು. ಅಷ್ಟರಲ್ಲಿ ಯಾರೋ ನನ್ನನ್ನು ದಾಟಿ ನೀರಿಗಿಳಿದು, ಅದರ ಕೆಳದವಡೆ ಹಿಡಿದು ಮರಳಿಗೆ ಎಳೆದು ತಂದರು. ವೆಂಡೆಲ್. ಮೆಟ್ಟಿಲ ಮೇಲಿನಿಂದ ಎಲ್ಲ ನೋಡುತ್ತಿದ್ದರಂತೆ.

ಅವರು ಮೀನನ್ನು ನನ್ನ ಕಾಲ ಬಳಿ ಇಟ್ಟು ಹೇಳಿದರು: "ಮೂರು ಭಾನುವಾರ ಇಲ್ಲೇ ಕಾದೆ, ಮಿಸೆಸ್ ಸಿಲ್ವೇರಾ. ಬರಲ್ಲ ಅಂತ ಮೊದಲೇ ಹೇಳಿದ್ರೆ ಎರಡು ಫ್ಲಾಸ್ಕು ಕಾಫಿ ಹೊತ್ಕೊಂಡು ಬರೋದು ತಪ್ತಿತ್ತು."

"ನೀವು ಜಾಗದ ಹೆಸರು ಹೇಳಿದ್ರಿ. ಹೆಸರು ಹೇಳಿದ್ಮೇಲೆ ಅಲ್ಲಿ ಮೀನಿಲ್ಲ ಅಂತ ತಾನೇ ಅರ್ಥ?" ಎಂದೆ ನಾನು.

ಅವರು ನನ್ನನ್ನೇ ನೋಡಿದರು. ಆಮೇಲೆ ಮರಳ ಮೇಲೆ ಕುಕ್ಕರಿಸಿ ನಗತೊಡಗಿದರು. ಆ ಮನುಷ್ಯ ನಗುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಣ್ಣು ಒರೆಸಿಕೊಂಡು, ತಲೆಯೆತ್ತದೆ ಹೇಳಿದರು: "ನನ್ಹತ್ರ ಕೊಡೋಕೆ ಇರೋದು ಅದೊಂದೇ ಕಣ್ರಿ. ಮನೆ ಸೋರುತ್ತೆ, ಗಾಡಿ ತುಕ್ಕು ಹಿಡಿದಿದೆ. ಜಾಗ ಮಾತ್ರ ಒಳ್ಳೇದು."

ದಡದಲ್ಲಿ ಬದುಕುವ ಗಂಡಸು ಒಬ್ಬ ಹೆಂಗಸಿಗೆ ಹೇಳಬಹುದಾದ ಅತಿ ದೊಡ್ಡ ಮಾತನ್ನು ಇವರು ತಿಂಗಳ ಹಿಂದೆಯೇ ಹೇಳಿದ್ದರು. ನಾನು ಅದನ್ನು ಸುಳ್ಳೆಂದುಕೊಂಡು ಎದುರು ದಿಕ್ಕಿಗೆ ಗಾಡಿ ಓಡಿಸಿದ್ದೆ. ಅವರಾದರೋ, ನಾನು ತಿಳಿದೂ ತಿಳಿದೂ ಬರಲಿಲ್ಲ ಎಂದುಕೊಂಡು ಸುಮ್ಮನೆ ದೂರ ಸರಿದಿದ್ದರು.

ಆ ಮೀನನ್ನು ನೀವು ಕಲಿಸಿದ ಹಾಗೆಯೇ ಬೆಳ್ಳುಳ್ಳಿ, ವಿನಿಗರ್ ಹಾಕಿ ಒಂದು ರಾತ್ರಿ ನೆನೆಸಿ ಹುರಿದೆ. ಅವರ ಮನೆಯಲ್ಲಿ ಮೀನಿಗೆ ಉಪ್ಪು ಬಿಟ್ಟರೆ ಬೇರೇನೂ ಹಾಕುತ್ತಿರಲಿಲ್ಲವಂತೆ. ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದರು. ಹೋದ ಗುರುವಾರ ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ, ಮದುವೆಯಾಗುತ್ತೀರಾ ಎಂದು ಕೇಳಿದರು. ಮೀನುಗಳು ದಕ್ಷಿಣಕ್ಕೆ ಹೋಗಿ ಮುಗಿಯುವವರೆಗೆ ಸಮಯ ಕೊಡಿ ಎಂದೆ. ಅವರಿಗದು ನ್ಯಾಯವಾಗಿಯೇ ಕಂಡಿತು.

ಸಮಯ ಕೇಳಿದ್ದು ಯಾಕೆಂದರೆ, ಉತ್ತರ ನಿಮ್ಮ ಹತ್ತಿರ ಇದೆ. ಜಾಗ ಕೊಟ್ಟವರಿಗೆ ಜಾಗ ಕೊಡಬೇಕು. ಅವರು ಕೇಳಿಲ್ಲ, ಕೇಳುವವರೂ ಅಲ್ಲ. ಆದರೆ ಒಂದೇ ಮನೆಯಲ್ಲಿದ್ದುಕೊಂಡು, ಬೆಳಗ್ಗೆ ಕದ್ದು ಹೊರಟು, ಕಟ್ಟಿಕೊಂಡ ಗಂಡನಿಗೆ ಕಾಣದಂತೆ ಹೆಜ್ಜೆ ಒರೆಸುತ್ತಾ ನಾನು ಬಾಳಲಾರೆ. ನನ್ನ ಹತ್ತಿರ ಇರುವುದು ಹಡಗಿನ ಜಾಗ ಒಂದೇ. ಅದು ಮಾವ ಹುಡುಕಿದ್ದು, ನಿಮ್ಮ ಮಗನಿಗೆ ಬಂದದ್ದು. ನಮಗೆ ಮಕ್ಕಳಾಗಲಿಲ್ಲ. ಅದನ್ನು ಪೇನ್ ಮನೆತನದವರಿಗೆ ತೋರಿಸಿದರೆ ಸಿಲ್ವೇರಾ ಹೆಸರಿಗೆ ಇಲ್ಲಿ ಏನೂ ಉಳಿಯುವುದಿಲ್ಲ.

ಇದನ್ನು ಬರೆಯುತ್ತಾ ಹೋದಂತೆ ನನ್ನ ಹೆದರಿಕೆ ಜಾಗದ್ದಲ್ಲ ಎಂದು ನನಗೇ ಕಾಣುತ್ತಿದೆ. ನೇರವಾಗಿ ಕೇಳಿಬಿಡುತ್ತೇನೆ. ನನ್ನ ತಾಯಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಜ್ವರ ಬಂದರೆ ನನ್ನ ಹಣೆ ಮುಟ್ಟಿದವರು, ಗರ್ಭ ನಿಲ್ಲದಾಗ ನನ್ನ ಪಕ್ಕದಲ್ಲಿ ಮಲಗಿದವರು, ಜಗಳವಾದರೆ ಮಗನಿಗೇ ಬೈದವರು ನೀವು. ಇನ್ನೊಬ್ಬರ ಹೆಂಡತಿಯಾದ ಮೇಲೆ ನಾನು ನಿಮಗೆ ಯಾರು? ಆಮೇಲೂ ನಿಮ್ಮನ್ನು ಅತ್ತೆ ಎಂದು ಕರೆಯಬಹುದೇ? ಬೇಡವೆಂದರೆ ಅವರಿಗೆ ಬೇಡವೆನ್ನುತ್ತೇನೆ, ಕೊರಗುವುದಿಲ್ಲ. ಇಲ್ಲ, ಕೊರಗುತ್ತೇನೆ, ಆದರೂ ಬೇಡವೆಂದೇ ಹೇಳುತ್ತೇನೆ.

ನಿಮ್ಮ ಆಶೀರ್ವಾದಕ್ಕೆ ಕಾದಿರುವ
ಒಲಿಂಪಿಯಾ

ತಾ.ಕ.: ಬಾಯ್ಲರ್ ಮತ್ತೆ ಕೆಟ್ಟಿದೆ ಎಂದು ಹೇಳಿ ಕಳಿಸಿದ್ದೆ, ಈಗ ಅವರು ನೆಲಮಾಳಿಗೆಯಲ್ಲಿ ಅದನ್ನು ಬಿಚ್ಚಿ ನೋಡುತ್ತಿದ್ದಾರೆ. ಬಾಯ್ಲರ್ ಚೆನ್ನಾಗಿಯೇ ಇದೆ. ಅದು ಅವರಿಗೂ ಗೊತ್ತಿರುವ ಹಾಗಿದೆ.

*

ಫಯಾಲ್
ನವೆಂಬರ್ 6

ಒಲಿಂಪಿಯಾ,

ನಿನ್ನ ಪತ್ರ ಬಂತು. ಕಾಲುಚೀಲವೂ ಬಂದಿದೆ, ಹಾಕಿಕೊಂಡೇ ಬರೆಯುತ್ತಿದ್ದೇನೆ. ಪತ್ರವನ್ನು ನಾನೇ ಓದಿಕೊಂಡೆ, ತಂಗಿ ಹಿಂದಿನಿಂದ ಇಣುಕಿದಾಗ ಅವಳನ್ನು ಹಾಲು ತರಲು ಕಳಿಸಿದೆ.

ನನ್ನ ಮಗನನ್ನು ಪತ್ರದುದ್ದಕ್ಕೂ ಅವನು ಎಂದು ಬರೆದಿದ್ದೀಯ, ಆ ಬಾಯ್ಲರಿನವನನ್ನು ಅವರು ಎಂದು ಬರೆದಿದ್ದೀಯ. ಅದನ್ನು ಓದಿದಾಗಲೇ ಮುಂದಿನದು ನನಗೆ ಗೊತ್ತಾಯಿತು. ಸ್ನೇಹವಂತೆ ಸ್ನೇಹ.

ಪೇನ್ ಮನೆಯವರು ನನಗೆ ಗೊತ್ತು. ಜಿಪುಣರು, ಆದರೆ ಕುಡುಕರಲ್ಲ. ಅವನು ನಮ್ಮ ಚರ್ಚಿಗೆ ಬರುವುದಿಲ್ಲವೆಂದು ನೀನು ಬರೆದಿಲ್ಲ, ಬರೆಯದಿದ್ದರೂ ನನಗೆ ತಿಳಿಯುತ್ತದೆ. ಕ್ರಿಸ್ಮಸ್ಸಿಗಾದರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ. ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿದನೆಂದು ಬರೆದೆಯಲ್ಲ, ಆ ಕಾರಣಕ್ಕೆ ಉಳಿದದ್ದನ್ನು ಬಿಟ್ಟಿದ್ದೇನೆ. ಗಿಲ್ಬೆರ್ತೊಗೋಸ್ಕರ ದಿನವೂ ಒಂದು ದೀಪ ಹಚ್ಚುತ್ತೇನೆ. ಇವತ್ತು ಹಚ್ಚುವಾಗ ಅವನಿಗೂ ವಿಷಯ ಹೇಳಿದೆ. ಅವನು ಬೇಡವೆನ್ನುವ ಜಾತಿಯ ಮಗನಲ್ಲ. ಸ್ವಲ್ಪ ಅತ್ತೆ. ಅದು ನಿನ್ನಿಂದಲ್ಲ, ಅವನು ನೆನಪಾದದ್ದಕ್ಕೆ.

ಈಗ ಜಾಗದ ಮಾತು. ಮಾವ ಹುಡುಕಿದ್ದು ಎಂದು ಬರೆದಿದ್ದೀಯ. ನಿನ್ನ ಮಾವ ಸೆರಾಫಿಮ ತನ್ನ ಕನ್ನಡಕವನ್ನು ತಾನು ಹುಡುಕಿದವನಲ್ಲ. ಆ ಜಾಗ ಕಂಡವಳು ನಾನು. ಮದುವೆಗೆ ಮೊದಲು, ದಿಬ್ಬದ ಮೇಲೆ ಕಡಲ ಪ್ಲಮ್ ಹಣ್ಣು ಕೀಳುತ್ತಿದ್ದಾಗ ಕೆಳಗೆ ಹಕ್ಕಿಗಳು ಮುಗಿಬೀಳುವುದನ್ನು ನೋಡಿದೆ. ಇಳಿದು ಹೋಗಿ ನೀರಿನಲ್ಲಿ ನಿಂತಾಗ ಕಾಲಿಗೆ ಹಡಗಿನ ಮರ ತಾಗಿತು. ಸೆರಾಫಿಮನಿಗೆ ನಿಶ್ಚಿತಾರ್ಥದ ದಿನ ತೋರಿಸಿದೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಅದು ಅವನೇ ಕಂಡುಹಿಡಿದ ಜಾಗವಾಯಿತು, ಮಗ ಹುಟ್ಟುವ ಹೊತ್ತಿಗೆ ಸಿಲ್ವೇರಾ ಮನೆತನದ ಜಾಗವಾಯಿತು. ಹೋಗಲಿ ಎಂದು ನಾನು ಬಾಯಿ ಬಿಡಲಿಲ್ಲ. ಮನೆಗೆ ಮೀನು ಬರುತ್ತಿತ್ತಲ್ಲ.

ಆದ್ದರಿಂದ ಅದು ಸಿಲ್ವೇರಾಗಳ ಆಸ್ತಿಯಲ್ಲ. ನನ್ನ ಜೊತೆ ಬಂದದ್ದು, ನನಗೆ ಬೇಕಾದವರಿಗೆ ಕೊಡುತ್ತೇನೆ. ನನ್ನ ಮಗಳಿಗೆ ಕೊಟ್ಟಿದ್ದೇನೆ. ಮಗಳು ಅದನ್ನು ಯಾರಿಗೆ ತೋರಿಸುತ್ತಾಳೆ ಎನ್ನುವುದು ಅವಳಿಗೆ ಬಿಟ್ಟದ್ದು. ನೀನು ನನಗೆ ಯಾರು ಎಂದು ಕೇಳಿದ್ದೀಯ, ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತು ಇದನ್ನು ಕೇಳುತ್ತೀಯಲ್ಲ, ನಿನಗೆ ಬುದ್ಧಿ ಇದೆಯೇ? ಅತ್ತೆ ಎಂದು ಕರೆಯಬೇಡ. ಅಮ್ಮ ಎಂದು ಕರೆ, ಇಷ್ಟು ದಿನ ಕರೆಯದಿದ್ದದ್ದೇ ತಪ್ಪು.

ಮದುವೆಯ ದಿನ ಕಪ್ಪು ಬಟ್ಟೆ ಹಾಕಬೇಡ. ನನ್ನ ನೀಲಿ ಶಾಲು ಅಲ್ಲೇ ಮೇಲಿನ ಕಪಾಟಿನಲ್ಲಿದೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಮ್ಮ
ದಿಯೊಲಿಂಡಾ

ತಾ.ಕ.: ನೀವೆಲ್ಲ ಹಡಗಿನ ಜಾಗಕ್ಕೆ ಹೋಗುವುದು ನೀರು ಏರಿ ಬರುವ ಭರತದ ಹೊತ್ತಿಗೆ. ಸೆರಾಫಿಮನಿಗೆ ಹಾಗೆಂದು ಹೇಳಿದ್ದು ನಾನೇ, ಅವನು ಮಗನಿಗೂ ಹಾಗೆಯೇ ಹೇಳಿದ. ಭರತದಲ್ಲಿ ಅಲ್ಲಿ ಸಣ್ಣ ಮೀನುಗಳಷ್ಟೇ ಇರುತ್ತವೆ. ದೊಡ್ಡವು ಬರುವುದು ನೀರು ಇಳಿದು ಮುಗಿಯುವ ಹೊತ್ತಿಗೆ. ಆಗ ನಾನು ಚಿಪ್ಪು ಆರಿಸಲು ಹೋಗುತ್ತೇನೆಂದು ಹೇಳಿ, ಬುಟ್ಟಿಯ ತಳದಲ್ಲಿ ದಾರ ಸುತ್ತಿಟ್ಟುಕೊಂಡು ಹೋಗುತ್ತಿದ್ದೆ. ಪಕ್ಕದ ಮನೆಯವರು ಕೊಟ್ಟರೆಂದು ನಾನು ತರುತ್ತಿದ್ದ ಆ ದೊಡ್ಡ ಮೀನುಗಳನ್ನು ಪಕ್ಕದ ಮನೆಯವರು ಯಾವತ್ತೂ ಕೊಡಲಿಲ್ಲ. ಜಾಗವನ್ನು ನಿನ್ನ ಗಂಡನಿಗೆ ತೋರಿಸು, ಸಂತೋಷ. ಹೊತ್ತು ಮಾತ್ರ ನಿನ್ನ ಹತ್ತಿರವೇ ಇರಲಿ.